ತತ್ತಿ ಟೀಚರ್

ಜುಲೈ 8, ಸೋಮವಾರ. ಬೆಳಗಿನ ಜಾವ

ಎರಡು ಮೊಟ್ಟೆ ಒಲೆಯ ಮೇಲಿವೆ. ಬೇಯುವವರೆಗೆ ಬರೆಯುತ್ತೇನೆ.

ಇವತ್ತೂ ಹಾಸಿಗೆಯಿಂದ ನೇರ ಏಳಲಾಗಲಿಲ್ಲ. ಮಗ್ಗುಲಾಗಿ, ಮೊಣಕೈ ಊರಿ, ಗೋಡೆ ಹಿಡಿದು... ವಯಸ್ಸು ಇಪ್ಪತ್ತೊಂಬತ್ತು. ಬೆನ್ನು ಮಾತ್ರ ಅಜ್ಜಿಯದು.

ಕಲಬುರಗಿ ಡಾಕ್ಟರು ಹೇಳಿದ್ದು: ಬೆನ್ನೆಲುಬಿನ ಕೀಲುಗಳಲ್ಲಿ ಉರಿಯೂತ. ಹಾಗೇ ಬಿಟ್ಟರೆ ಎಲುಬು ಎಲುಬಿಗೆ ಅಂಟಿಕೊಳ್ಳುತ್ತದಂತೆ. ಗುಳಿಗೆ ಕೊಟ್ಟರು. ಜೊತೆಗೊಂದು ಮಾತು: "ಪಿಷ್ಟ ಬಿಟ್ಟು ನೋಡ್ರಿ. ಹಾಲು, ಮಸರೂ ಬಿಡ್ರಿ. ಎಲ್ಲಾರಿಗೂ ಹತ್ತಂಗಿಲ್ಲ, ಕೆಲವರಿಗಿ ಹತ್ತತದ." ಪಿಷ್ಟ ಎಂದರೆ ಜೋಳ, ಅಕ್ಕಿ, ಗೋಧಿ, ಬೇಳೆ, ಆಲೂಗಡ್ಡೆ. ಅಂದರೆ ನಮ್ಮ ಕಡೆ ಊಟ ಎಂದು ಕರೆಯುವುದೆಲ್ಲ.

ಊಟ ಹೇಗೋ ಆಗುತ್ತದೆ — ಪಲ್ಯ, ಮೀನು. ನಡುವಿನ ಹಸಿವೇ ಕಷ್ಟ. ಸೇಡಂನ ಈ ರೂಮಿನಿಂದ ಬಸ್ಸು, ಮುಧೋಳದಲ್ಲಿ ಇಳಿದು ಆಟೊ, ಆಮೇಲೆ ಶಾಲೆ. ಸಣ್ಣ ಬಿಡುವು ಬರುವಷ್ಟರಲ್ಲಿ ಕಣ್ಣು ಕತ್ತಲಿಡುತ್ತದೆ.

ಶಹಾಬಾದಿನಿಂದ ಅವ್ವನ ಫೋನು. "ರೊಟ್ಟಿ ತಿನ್ನಲಾರ್ದೆ ಯಾರರ ಬದುಕ್ಯಾರೇನ, ಕರುಣಾ? ಮತ್ತ ಈ ಬ್ಯಾನಿ ಸುದ್ದಿ ಸಾಲ್ಯಾಗ ಯಾರ ಮುಂದೂ ತಗೀಬ್ಯಾಡ. ವಾಡಿಯವರಿಗಿ ಗೊತ್ತಾಗಬಾರದು."

ವಾಡಿಯವರು ಎಂದರೆ ಸುರೇಶಕುಮಾರನ ಮನೆಯವರು. ಹುಡುಗ ಫ್ಯಾಕ್ಟರಿಯಲ್ಲಿದ್ದಾನೆ. ನೋಡಿ ಹೋಗಿದ್ದಾರೆ, ಒಪ್ಪಿದ್ದಾರೆ. ಮುಖ ನೋಡಿದ್ದಾರೆ. ಬೆನ್ನು ನೋಡಿಲ್ಲ.

ನೀರು ಉಕ್ಕುತ್ತಿದೆ.

ಜುಲೈ 11, ಗುರುವಾರ

ಪಿಷ್ಟವಿಲ್ಲದ, ಹಾಲಿಲ್ಲದ ತಿನಿಸು ಎಂದು ಮೊಬೈಲಿನಲ್ಲಿ ಹುಡುಕಿದೆ. ಬಾದಾಮಿ ಹಿಟ್ಟಿನ ಬಿಸ್ಕೀಟು. ಆಲಿವ್. ಅವಕಾಡೊ. ಸೇಡಂ ಸಂತೆಯಲ್ಲಿ ಅವಕಾಡೊ ಕೇಳಿದರೆ ಅದು ಯಾವ ಕಂಪನಿಯ ಬೀಜ ಎನ್ನುತ್ತಾರೆ.

ನನ್ನದೇ ಹುಡುಕಾಟ ನಡೆದಿದೆ. ಸೌತೆಕಾಯಿ ಸೀಳಿ ಗುರೆಳ್ಳಿನ ಚಟ್ನಿಪುಡಿ, ನಮ್ಮ ಕಡೆಯ ಹಿಂಡಿ, ಸವರಿದ್ದು. ಒಣಕೊಬ್ಬರಿ ಚೂರು. ಎಳ್ಳುಂಡಿ. ಪಲ್ಯ ಮಾಡಿದ ಕುಂಬಳದ ಬೀಜ ತೊಳೆದು ಒಣಗಿಸಿ, ಉಪ್ಪು ಖಾರ ಹಾಕಿ ಹುರಿದದ್ದು — ಇದು ಚೆನ್ನಾಗಿದೆ. ಅಂಗಡಿಯ ಶೇಂಗಾ ಹಿಂಡಿಗೆ ಶಾಲೆಯ ಅಯೋಡಿನ್ ಒಂದು ಹನಿ ಹಾಕಿ ನೋಡಿದೆ. ಕಪ್ಪುನೀಲಿ, ಅಂದರೆ ಪಿಷ್ಟವಿದೆ! ಪುಟಾಣಿ, ಅಂದರೆ ಹುರಿಗಡಲೆ, ಬೆರೆಸಿದ್ದಾರೆ. ಏಳನೆಯ ತರಗತಿಗೆ ಕಲಿಸುವ ಪ್ರಯೋಗ, ನನ್ನ ಡಬ್ಬಿಯ ಮೇಲೆ.

ಎಲ್ಲಕ್ಕಿಂತ ಅಗ್ಗದ್ದು, ಹೊಟ್ಟೆಯಲ್ಲಿ ನಿಲ್ಲುವುದು, ಮೊಟ್ಟೆಯೇ.

ಸ್ಟಾಫ್ ರೂಮಿನಲ್ಲಿ ಸುನಿತಾ ಮೇಡಂ ಅವಲಕ್ಕಿ ಚುಡುವಾ ತಂದಿದ್ದರು. ನನ್ನ ಪಕ್ಕದ ಕುರ್ಚಿ ಅವರದು. ಕನ್ನಡ ಕಲಿಸುತ್ತಾರೆ. ಕೆಟ್ಟವರಲ್ಲ. ಡಬ್ಬಿ ಮುಂದೆ ಹಿಡಿದರು.

"ಬ್ಯಾಡ್ರಿ ಮೇಡಂ."

"ಯಾಕ್ರಿ? ದಿನಾ ಬ್ಯಾಡ ಅಂತೀರಿ. ನಮ್ಮ ಮನಿದು ಸೇರಂಗಿಲ್ಲೇನು?"

ನಗು ಬಂತು, ನುಂಗಿಕೊಂಡೆ. ನಮ್ಮ ಮನೆಯದು ಬೇಡ ಎಂದವರನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಈಗ ಬೇಡ ಎನ್ನುವ ಸರದಿ ನನ್ನದು. ಅದೂ ತಪ್ಪೇ.

ಜುಲೈ 14, ರವಿವಾರ. ಶಹಾಬಾದ

ಅವ್ವ ಒಳಗಿನಿಂದ ಒಂದು ಡಬ್ಬಿ ತಂದಿಟ್ಟಳು. ಮುಚ್ಚಳ ತೆಗೆದ ಕೂಡಲೇ ಗೊತ್ತಾಯಿತು. ಒಣಗಿಸಿದ ಮಾಂಸದ ತುಣುಕು, ಉಪ್ಪು ಖಾರ ಹಚ್ಚಿ ಕೆಂಡದಲ್ಲಿ ಸುಟ್ಟಿದ್ದಳು.

"ನಿಮ್ಮಜ್ಜಿ ಭಂಕೂರಾಗ ಹಗ್ಗಕ್ಕ ಹಾಕಿ ಒಣಗಸ್ತಿದ್ಳು. ಇದ ಕಡ್ಕೊಂತ ಕಲ್ಲಿನ ಖಣಿಯಾಗ ದಿನಾ ದುಡದಾಳ. ಇದ್ರಾಗ ನಿನ್ನ ಆ ಪಿಷ್ಟ ಗಿಷ್ಟ ಏನೂ ಇಲ್ಲಲ್ಲ?"

"ಇಲ್ಲವ್ವ."

"ನೀ ಸಾಲಿಗಿ ಹೋಗಾಕತ್ತ ಮ್ಯಾಲ ನಾ ಇದನ್ನ ಬಿಟ್ಟೆ. ನಿನ್ನ ಅರಬಿಗಿ ವಾಸನಿ ಅದ ಅಂತ ಹುಡುಗ್ಯಾರು ಸರದು ಕುಂದರ್ತಿದ್ರು."

ನನಗೆ ನೆನಪಿರಲಿಲ್ಲ. ಅವಳಿಗೆ ನೆನಪಿದೆ. ನನ್ನ ಅರಿವೆಗಾಗಿ ಅವಳು ಇಷ್ಟು ವರ್ಷ ನಾಲಿಗೆ ಕಟ್ಟಿದ್ದಳು. ಇಬ್ಬರೂ ಕೂತು ತಿಂದೆವು. ಏನು ರುಚಿ!

ಹೊರಡುವಾಗ ಕಟ್ಟಿಕೊಟ್ಟಳು. "ರೂಮಿನ್ಯಾಗ ತಿನ್ನು. ಸಾಲಿಗಿ ಒಯ್ಯಬ್ಯಾಡ."

ಜುಲೈ 27, ಶನಿವಾರ

ಗೋಡೆ ಹಿಡಿಯದೆ ಎದ್ದೆ.

ಎದ್ದ ಮೇಲೆ ಗೊತ್ತಾಯಿತು, ಹಿಡಿದಿಲ್ಲ ಅಂತ. ಮತ್ತೆ ಮಲಗಿ, ಮತ್ತೆ ಎದ್ದು ನೋಡಿದೆ. ಹೌದು. ಗುಳಿಗೆಯೋ, ಪಥ್ಯವೋ — ಯಾವುದಾದರೂ ಆಗಲಿ. ಬಗ್ಗಿ ಚಪ್ಪಲಿ ಹಾಕಿಕೊಂಡೆ. ಚಪ್ಪಲಿ ಹಾಕಿಕೊಂಡು ಅಳುವವರು ಯಾರಾದರೂ ಇದ್ದಾರೆಯೇ.

ಆಗಸ್ಟ್ 6, ಮಂಗಳವಾರ

ನಿನ್ನೆಯಿಂದ ಶ್ರಾವಣ.

ಬಿಡುವಿನಲ್ಲಿ ಮೊಟ್ಟೆಯ ಡಬ್ಬಿ ತೆಗೆದೆ. ಸುನಿತಾ ಮೇಡಂ ಸೆರಗು ಮೂಗಿಗೆ ಹಿಡಿದರು. ನನಗೇನೂ ಹೇಳಲಿಲ್ಲ. ಎದ್ದು ಹೆಡ್ ಮಾಸ್ತರ ಹತ್ತಿರ ಹೋದರು. ಸ್ವಲ್ಪ ಹೊತ್ತಿಗೆ ನನಗೆ ಕರೆ.

ಚಂದ್ರಾಮ ಸರ್ ಕಡತ ತಿರುವುತ್ತಲೇ ಹೇಳಿದರು. "ಮೇಡಂ, ತಪ್ಪು ತಿಳೀಬ್ಯಾಡ್ರಿ. ಶ್ರಾವಣ ಅದ. ಜರಾ ಹೊರಗ ತಿಂದ್ರ ಆತು."

"ಮಕ್ಕಳಿಗೆ ಸರ್ಕಾರದ್ದ ತತ್ತಿ ಇದೇ ಸಾಲ್ಯಾಗ ಕುದೀತದಲ್ರಿ ಸರ್. ಶ್ರಾವಣದಾಗೂ."

"ಅದು ಸರ್ಕಾರದ್ರಿ. ನಿಮ್ಮದು ಶೌಕ. ಒಂದು ತಿಂಗಳು ಬಿಟ್ರ ಏನಾಗ್ತದ?"

ಏನಾಗುತ್ತದೆ ಎಂದು ಹೇಳಬಹುದಿತ್ತು. ವಾಡಿ ನೆನಪಾಯಿತು. ಡಬ್ಬಿ ಹಿಡಿದು ಹೊರಗೆ ಬಂದೆ.

ನೀರಿನ ಟಾಕಿಯ ಹಿಂದೆ ಒಂದು ಫರ್ಶಿ ಕಲ್ಲು ಬಿದ್ದಿದೆ. ಅಲ್ಲಿ ಕೂತು ತಿಂದೆ. ಕಲ್ಲು ತಣ್ಣಗೆ, ಒರಗಲು ಏನೂ ಇಲ್ಲ. ಸಿಪ್ಪೆ ಕಾಗದದಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡೆ. ತಿಂದದ್ದು ನನ್ನ ಮೊಟ್ಟೆ. ಸಿಪ್ಪೆ ಯಾಕೆ ಬಚ್ಚಿಡಬೇಕು?

ಆಗಸ್ಟ್ 21, ಬುಧವಾರ

ಇವತ್ತು ಮಕ್ಕಳಿಗೆ ಮೊಟ್ಟೆ ಕಡಿಮೆ ಬಿದ್ದವು. ಕೊನೆಯ ಸಾಲಿನವರಿಗೆ ಸಿಗಲಿಲ್ಲ. ಮೂರನೆಯ ಸಲ ಹೀಗಾಗುತ್ತಿರುವುದು.

ಮಧ್ಯಾಹ್ನ ಶಾಲಾ ಸಮಿತಿಯ ಅಧ್ಯಕ್ಷ ಭಾಗಣ್ಣ ಬಂದರು, ಹಿಂದೆ ನಾಲ್ಕಾರು ತಾಯಂದಿರು. ಅಂಗಳದಲ್ಲೇ ಜೋರು ದನಿ.

"ಪೋರಗೋಳ ತತ್ತಿ ಯಾರ ಹೊಟ್ಟಿಗಿ ಹೋಗಾಕತ್ತಾವ್ರಿ ಸರ್?"

ಚಂದ್ರಾಮ ಸರ್ ಏನೋ ಸಮಾಧಾನ ಹೇಳಿದರು. ಅಷ್ಟರಲ್ಲಿ ಒಬ್ಬ ತಾಯಿ ನನ್ನ ಕಡೆ ಕೈ ಮಾಡಿದಳು. "ಆ ಮೇಡಂ ದಿನಾ ಟಾಕಿ ಹಿಂದ ಕುಂತು ತತ್ತಿ ತಿಂತಾರ. ನಮ್ಮ ಹುಡುಗಿ ಕಣ್ಣಾರೆ ನೋಡ್ಯಾಳ."

ಎಲ್ಲರೂ ತಿರುಗಿದರು.

"ಅವು ನಾ ಮನಿಯಿಂದ ತಂದಿದ್ದು," ಎಂದೆ.

"ಮನಿಯಿಂದ ತಂದಿದ್ದು ಯಾರರ ಅಡಗಿ ತಿಂತಾರೇನ್ರಿ?" ಭಾಗಣ್ಣ ಕೇಳಿದರು.

ಅಡಗಿಸಿದ್ದು ಯಾರು? ಚಂದ್ರಾಮ ಸರ್ ನೆಲ ನೋಡುತ್ತಿದ್ದರು. ಸುನಿತಾ ಮೇಡಂ ಕಿಟಕಿಯಲ್ಲಿ ನಿಂತಿದ್ದರು. ಹೊರಗೆ ತಿನ್ನಿ ಎಂದಿದ್ದು ನಾವೇ — ಈ ಒಂದು ವಾಕ್ಯ ಇಬ್ಬರಲ್ಲಿ ಒಬ್ಬರಾದರೂ ಹೇಳುತ್ತಾರೆಂದು ಕಾದೆ.

ಸಂಜೆ ಅಡುಗೆಯ ಹಣಮಮ್ಮ ಗೇಟಿನ ಹತ್ತಿರ ನಿಲ್ಲಿಸಿದಳು. "ನೀವು ತಿಂದಿಲ್ಲ, ನಂಗ ಗೊತ್ತದರಿ. ನನ್ನ ಕೈಗಿ ಬರೋವಾಗ್ಲೇ ಕಮ್ಮಿ ಬರ್ತಾವ. ತರೋರು ದೊಡ್ಡೋರು, ನಾ ಏನನ್ಲಿ?"

ತರುವವರು ಯಾರು ಎಂದು ಕೇಳಬೇಕಿಲ್ಲ. ಮೊಟ್ಟೆ ಇಡುವ ಕೋಣೆಯ ಬೀಗದ ಕೈ ಹೆಡ್ ಮಾಸ್ತರ ಹತ್ತಿರವೇ ಇರುತ್ತದೆ.

"ಇದನ್ನ ಎಲ್ಲಾರ ಮುಂದ ಹೇಳ್ತಿಯೇನು ಹಣಮಮ್ಮ?"

ಸೆರಗು ಬಾಯಿಗಿಟ್ಟುಕೊಂಡು ಹೋಗಿಬಿಟ್ಟಳು.

ಆಗಸ್ಟ್ 23, ಶುಕ್ರವಾರ

ಆರನೆಯ ತರಗತಿಯ ಬೋರ್ಡಿನ ಮೇಲೆ ದೊಡ್ಡದಾಗಿ — ತತ್ತಿ ಟೀಚರ್.

ಒತ್ತಕ್ಷರ ಸರಿಯಾಗಿ ಬರೆದಿದ್ದರು. ಹೋದ ವರ್ಷ ನಾನೇ ತಿದ್ದಿಸಿದ್ದು.

ಒರೆಸಿ ಪಾಠ ಮಾಡಿದೆ. ಜೀರ್ಣಾಂಗ ವ್ಯೂಹ.

ನಾಳೆಯಿಂದ ಮಕ್ಕಳ ಸಾಲಿನಲ್ಲಿ ಕೂತು, ಎಲ್ಲರಿಗೂ ಕಾಣುವಂತೆ, ಅನ್ನ ಸಾಂಬಾರು ತಿನ್ನುತ್ತೇನೆ. ನೋಡಲಿ.

ಸೆಪ್ಟೆಂಬರ್ 3, ಮಂಗಳವಾರ

ಬರೆಯದೆ ಹನ್ನೊಂದು ದಿನ. ಬಗ್ಗಿ ಬರೆಯಲು ಆಗುತ್ತಿರಲಿಲ್ಲ. ಈಗಲೂ ನೋಟ್‌ಬುಕ್ಕು ಎದೆಯ ಮೇಲೆ.

ಅನ್ನ ತಿಂದೆ, ದಿನಾ. ಮೊದಲ ತುತ್ತು... ಸುಳ್ಳು ಯಾಕೆ, ಬಿಸಿ ಅನ್ನದ ರುಚಿಗೆ ಕಣ್ಣು ಮುಚ್ಚಿದೆ. ಸುನಿತಾ ಮೇಡಂ ಖುಷಿಪಟ್ಟರು. "ಈಗ ನೋಡ್ರಿ, ಹ್ಯಾಂಗ ನಮ್ಮೋರಾದ್ರಿ!" ಚುಡುವಾ ಕೊಟ್ಟರು. ತಿಂದೆ. ಹಾಲಿನ ಚಹಾ ಕೊಟ್ಟರು. ಕುಡಿದೆ.

ನಾಲ್ಕನೆಯ ದಿನಕ್ಕೆ ಸೊಂಟ ಹಿಡಿಯಿತು. ನಿನ್ನೆ ಬಸ್ಸಿನಿಂದ ಇಳಿಯುವಾಗ ಕಂಡಕ್ಟರ್ ತೋಳು ಹಿಡಿದು ಇಳಿಸಿದ. ಇವತ್ತು ಮತ್ತೆ ಗೋಡೆ.

'ನಮ್ಮೋರು' ಆಗುವುದಕ್ಕೆ ಇದು ಬೆಲೆ.

ಅನ್ನ ತಿಂದದ್ದಕ್ಕೆ ಊರು ಏನೆಂದಿತು? "ಸಿಕ್ಕಿಬಿದ್ದ ಮ್ಯಾಲ ಬಿಟ್ಟಾಳ." ತಾಲೂಕಿಗೆ ಅರ್ಜಿ ಹೋಗಿದೆಯಂತೆ.

ಸೆಪ್ಟೆಂಬರ್ 12, ಗುರುವಾರ

ವಿಚಾರಣೆ. ಸೇಡಂನಿಂದ ಒಬ್ಬ ಅಧಿಕಾರಿ ಬಂದಿದ್ದರು. ಸ್ಟಾಫ್ ರೂಮಿನಲ್ಲಿ ಭಾಗಣ್ಣ, ಚಂದ್ರಾಮ ಸರ್, ಸುನಿತಾ ಮೇಡಂ. ಬಾಗಿಲಲ್ಲಿ ಹಣಮಮ್ಮ.

"ಈ ಮೇಡಂ ಅಡಗಿ ಮನಿಯಿಂದ ತತ್ತಿ ತೊಗೊಂಡಿದ್ದು ನೋಡಿಯೇನು?" ಅಧಿಕಾರಿ ಅವಳನ್ನು ಕೇಳಿದರು.

"ನಾ ಏನೂ ನೋಡಿಲ್ರಿ ಸಾಹೇಬ್ರ."

"ತೊಗೊಂಡಿಲ್ಲ ಅಂತೀಯೇನು ಹಂಗಾದ್ರ?"

"ಅದೂ ನೋಡಿಲ್ರಿ."

ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಗಂಡನಿಲ್ಲದ ಮನೆಯ ಒಲೆ ಈ ಕೆಲಸದಿಂದಲೇ ಉರಿಯುತ್ತದೆ.

ನನ್ನ ಸರದಿ. ಕೊಠಡಿಯಲ್ಲಿ ನಾನೊಬ್ಬಳೇ ನಿಂತಿದ್ದೆ. ಕೂತರೆ ಏಳಲು ಆಗುವುದಿಲ್ಲ ಎಂದು ನಿಂತಿದ್ದೆ. ಸೊಕ್ಕು ಅಂದುಕೊಂಡಿರಬೇಕು. ಅಧಿಕಾರಿ ಕೇಳಿದರು: "ದಿನಾ ತತ್ತಿನೇ ಯಾಕ? ರೊಟ್ಟಿ, ಉಪ್ಪಿಟ್ಟು ಎಲ್ಲಾರಂಗ ತಿನ್ನಾಕ ಏನ ಧಾಡಿ?"

ಇನ್ನು ಯಾವ ವಾಡಿ. ಡಾಕ್ಟರ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಅವರು ಮನಸ್ಸಿನಲ್ಲಿ ಓದಿಕೊಳ್ಳಲಿಲ್ಲ. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು. ರೋಗದ ಹೆಸರು ತೊದಲಿದರು, ಮತ್ತೆ ಓದಿದರು.

"ಅಯ್ಯ, ಮೊದಲೇ ಹೇಳಬಾರದೇನ್ರಿ ಕರುಣಾ?" ಸುನಿತಾ ಮೇಡಂ ಕಣ್ಣು ಒದ್ದೆಯಾದವು. ನಿಜವಾಗಿಯೂ ಒದ್ದೆಯಾದವು. "ಬೇಮಾರಿ ಅಂದ್ರ ನಾ ಬ್ಯಾಡ ಅಂತಿದ್ನೇನು?"

ಬೇಮಾರಿಗೆ ಮಾಫಿ ಇದೆ. ಬರೀ ಹಸಿವೆಗೆ ಇಲ್ಲ.

ತೀರ್ಮಾನ: ಆರೋಪಕ್ಕೆ ಆಧಾರವಿಲ್ಲ. ಕಡಿಮೆ ಬಿದ್ದ ಮೊಟ್ಟೆಗಳ ಬಗ್ಗೆ ನಾನು ಕೇಳಿದೆ. ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದೂ ಕೇಳಿದೆ. ಚಂದ್ರಾಮ ಸರ್ ನೀರು ಕುಡಿದರು. ಅಧಿಕಾರಿ ಪೆನ್ನಿಗೆ ಕ್ಯಾಪು ಹಾಕಿದರು. "ಸಾಗಿಸೋವಾಗ ಒಡೀತಾವ. ಅದನ್ನ ದೊಡ್ಡದು ಮಾಡಬ್ಯಾಡ್ರಿ."

ಊರಿಗೆ ಯಾರೂ ಈ ತೀರ್ಮಾನ ಹೇಳಲಿಲ್ಲ. ಭಾಗಣ್ಣ ಗೇಟಿನಲ್ಲಿ ನಿಂತಿದ್ದ ತಾಯಂದಿರಿಗೆ ಹೇಳಿದ್ದು ಇಷ್ಟೇ: "ಪಾಪ, ಅಕಿಗಿ ರೋಗ ಅದ. ಬಿಡ್ರಿ." ಅವರಿಗೆ ತಿಳಿದದ್ದು: ಕದ್ದಿದ್ದಾಳೆ, ರೋಗದ ಸಲುವಾಗಿ.

ಸೆಪ್ಟೆಂಬರ್ 15, ರವಿವಾರ. ಶಹಾಬಾದ

ವಾಡಿಯಿಂದ ನಿನ್ನೆ ಫೋನು ಬಂತಂತೆ. ಜಾತಕ ನಾವು ನೋಡುವುದಿಲ್ಲ, ಆದ್ದರಿಂದ ಆ ನೆವ ಅವರಿಗೆ ಸಿಗಲಿಲ್ಲ. "ಹುಡುಗ ಇನ್ನೆರಡು ವರ್ಷ ಬ್ಯಾಡ ಅಂತಾನ" ಎಂದರಂತೆ.

ಅವ್ವ ಒಲೆಯ ಮುಂದೆ ಕೂತಿದ್ದಳು, ನನ್ನ ಕಡೆ ತಿರುಗಲಿಲ್ಲ.

"ಚೀಟಿ ಯಾಕ ತೋರಿಸ್ದಿ?"

"ಕಳ್ಳಿ ಅನ್ನಾಕತ್ತಿದ್ರವ್ವ."

"ಅನ್ಲಿ! ನಾಕು ದಿನ ಅಂದು ಮರೀತಿದ್ರು. ಕಳ್ಳಿಗಿ ಗಂಡ ಸಿಗ್ತಾನ. ಬ್ಯಾನಿ ಇದ್ದಕಿಗಿ ಯಾರು ಬರ್ತಾರ?"

 ಅವಳು ಹೇಳಿದ್ದು ಲೆಕ್ಕಕ್ಕೆ ಸರಿ, ಅದೇ ಉರಿಯಿತು. ಸ್ವಲ್ಪ ಹೊತ್ತಿಗೆ ತಾಟು ಮುಂದಿಟ್ಟಳು. ಬದನೆಕಾಯಿ ಸುಟ್ಟು ಎಳ್ಳು ಹಾಕಿ ಕಲಸಿದ್ದು, ಹುರಿದ ಒಣಮೀನು. ರೊಟ್ಟಿ ಇರಲಿಲ್ಲ. ಅವಳ ತಾಟಿನಲ್ಲೂ ಇರಲಿಲ್ಲ.

"ನೀ ಯಾಕ ರೊಟ್ಟಿ ಬಿಟ್ಟಿ?"

"ಸುಮ್ನ ತಿನ್ನು."

ಸೆಪ್ಟೆಂಬರ್ 24, ಮಂಗಳವಾರ. ಸಂಜೆ

ಪಥ್ಯ ಮತ್ತೆ ಶುರುವಾಗಿ ಹತ್ತು ದಿನದ ಮೇಲಾಯಿತು. ಬೆನ್ನು ಇನ್ನೂ ಮುನಿಸಿನಲ್ಲೇ ಇದೆ. ಸ್ಟಾಫ್ ರೂಮಿನಲ್ಲಿ ತಿನ್ನಲು ಈಗ ಅಡ್ಡಿಯಿಲ್ಲ — "ಔಷಧ ಅಂತ ತಿನ್ರಿ" ಎಂದರು ಸುನಿತಾ ಮೇಡಂ. ಒಲ್ಲೆ ಎಂದೆ. ಸಣ್ಣ ಬಿಡುವಿನಲ್ಲಿ ಖಾಲಿ ತರಗತಿಯಲ್ಲೇ ಕೂರುತ್ತೇನೆ. ಮೊಟ್ಟೆ ಒಯ್ಯುವುದಿಲ್ಲ. ಕೊಬ್ಬರಿ, ಕುಂಬಳಬೀಜ. ಸಾಲುವುದಿಲ್ಲ.

ಇವತ್ತು ಮಕ್ಕಳಿಗೆ ಮೊಟ್ಟೆ ಕೊಡುವ ದಿನ. ಊಟ ಮುಗಿದ ಮೇಲೆ ಆರನೆಯ ತರಗತಿಯ ನಾಗಮಣಿ ಬಂದಳು. ಹಾಜರಿಯಲ್ಲಿ ದನಿ ಕೇಳಿಸದಷ್ಟು ಮೆತ್ತಗಿನ ಹುಡುಗಿ. ಮುಷ್ಟಿ ಬಿಚ್ಚಿದಳು. ಸಿಪ್ಪೆ ಸುಲಿಯದ ಮೊಟ್ಟೆ. ಅವಳ ಪಾಲಿನದು.

"ತೊಗೋರಿ ಟೀಚರ್."

"ನೀ ತಿನ್ನವಾ. ನಂಗ ಬ್ಯಾಡ."

"ನಮ್ಮವ್ವ ಹೇಳ್ಯಾಳ್ರಿ, ನಿಮಗ ಬ್ಯಾನಿ ಅದ ಅಂತ." ದನಿ ಇನ್ನೂ ಇಳಿಯಿತು. "ಇನ್ ಮ್ಯಾಲ ಕದಿಬ್ಯಾಡ್ರಿ ಟೀಚರ್. ಎಲ್ಲಾರೂ ಬೈತಾರ. ನಂದು ನಾ ಕೊಡ್ತೀನಿ."

ನಾನು ಕದ್ದಿಲ್ಲ ಎಂದು ಅಧಿಕಾರಿಗೆ ಹೇಳಿದೆ. ಭಾಗಣ್ಣನಿಗೆ ಹೇಳಿದೆ. ಇವಳಿಗೆ ಹೇಳಲು ಬಾಯಿ ಬರಲಿಲ್ಲ. ಎರಡೂ ಕೈ ಮುಂದೆ ಹಿಡಿದು ನಿಂತಿದ್ದಳು. ಬೇಡ ಎಂದರೆ ಎಷ್ಟು ಚುಚ್ಚುತ್ತದೆ, ನನಗೆ ಗೊತ್ತಿಲ್ಲವೇ?

ಸುಲಿದೆ. ಅರ್ಧ ಅವಳ ಬಾಯಿಗಿಟ್ಟೆ. ಉಳಿದರ್ಧ ತಿನ್ನುವವರೆಗೂ ಅವಳು ಕದಲಲಿಲ್ಲ. ತಿಂದೆ.

ಈಗ ಮಕ್ಕಳ ಮೊಟ್ಟೆ ತಿಂದದ್ದು ನಿಜವಾಯಿತು. ಇನ್ನು ಯಾರಾದರೂ ಬಂದು ಕೇಳಿದರೆ, ನಾನು ಹೌದು, ಅರ್ಧ ತಿಂದೆ ಎನ್ನುತ್ತೇನೆ.