ಬಿಳಿ ರಿಫ್ಲೆಕ್ಟರ್ ಹಿಡಿಯುವವರು

ಡುಲೂತ್, ಭಾನುವಾರ

ಅಪ್ಪಾ,

ಕಾಗದದ ಕಾರ್ಖಾನೆಯಲ್ಲಿ ಮುಷ್ಕರ ಹೂಡಿರುವವರ ಭಾವಚಿತ್ರಗಳನ್ನು ಕಾರ್ಮಿಕ ಸಂಘದ ಗೋಡೆಗೆಂದು ತೆಗೆಯುತ್ತಿದ್ದೇನೆ. ಮೃದುವಾದ ಬೆಳಕು ಶ್ರೀಮಂತರ ಸುಳ್ಳು ಎಂದು ನಿನ್ನ ಸ್ಟುಡಿಯೋ ಬಿಟ್ಟು ಬಂದವಳಲ್ಲವೇ ನಾನು? ಅದಕ್ಕೇ ಬರಿಯ ಫ್ಲ್ಯಾಷ್‌ನಲ್ಲೇ ತೆಗೆದೆ. ಕ್ರೇನ್ ಓಡಿಸುವ ಡಾರ್ಲೀನ್ ತನ್ನ ಚಿತ್ರ ನೋಡಿ, "ಏನೇ ಹುಡುಗಿ, ಪೊಲೀಸರು ಹಿಡ್ಕೊಂಡು ಹೋದವಳ ಥರ ಕಾಣ್ತಿದೀನಲ್ಲೇ! ಮ್ಯಾನೇಜರ್ ಹೆಂಡ್ತಿಗೂ ಹಿಂಗೇ ತೆಗೀತೀಯಾ?" ಎಂದಳು.

ಅವಳು ಕೇಳಿದ್ದು ನ್ಯಾಯ. ಬೆಳಕಿನಲ್ಲೂ ಸಮಪಾಲು ಸಿಗಬೇಕು. ಸಂಘದ ಕೋಣೆಗೆ ಬೆಳಕನ್ನು ಮೃದುವಾಗಿಸುವ ನಿನ್ನ ದೊಡ್ಡ ಸಾಫ್ಟ್‌ಬಾಕ್ಸ್ ಬೇಕು. ಕಾರ್ಖಾನೆಯ ಗೇಟಿನ ಬಳಿ ಬಿಸಿಲನ್ನು ಮುಖಕ್ಕೆ ತಿರುಗಿಸಲು ಬಿಳಿ ರಿಫ್ಲೆಕ್ಟರ್ ಬೇಕು. ಬೆಳ್ಳಿ ಬಣ್ಣದ್ದಾದರೆ ಬೆಳಕು ಕಣ್ಣಿಗೆ ಹೊಡೆದು ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ.

ಸಾಫ್ಟ್‌ಬಾಕ್ಸನ್ನು ಸ್ಟ್ಯಾಂಡ್ ಹೊರುತ್ತದೆ. ಹೊರಗೆ ಪಕ್ಕದ ಸರೋವರದ ಗಾಳಿಗೆ ಸ್ಟ್ಯಾಂಡ್ ನಿಲ್ಲುವುದಿಲ್ಲ, ರಿಫ್ಲೆಕ್ಟರನ್ನು ಯಾರಾದರೂ ಕೈಯಲ್ಲೇ ಹಿಡಿಯಬೇಕು. ಗೇಟಿನಲ್ಲಿ ಎಲ್ಲರ ಕೈಯಲ್ಲೂ ಮುಷ್ಕರದ ಫಲಕಗಳಿವೆ. ಸಂಜೆಯಾದರೆ ಅವರವರ ಮನೆಗೆ ಹೋಗಿಬಿಡುತ್ತಾರೆ. ಬಾ ಎಂದು ಕರೆಯುವಷ್ಟು ಗುರುತಿನವರು ನನಗೆ ಇಲ್ಲಿ ಯಾರೂ ಇಲ್ಲ.

ಅಂಚೆಗೆ ಹಾಕಬೇಡ, ರಿಫ್ಲೆಕ್ಟರಿನ ಕಂಬಿ ಬಾಗುತ್ತದೆ. ಶನಿವಾರ ಬೆಳಗಿನ ಬಸ್ಸಿಗೆ ನಿಲ್ದಾಣದಲ್ಲಿ ಕಾದಿರುತ್ತೇನೆ. ದಪ್ಪನೆಯ ಕೈಗವಸು ಹಾಕಿಕೊಂಡು ಬಾ. ತುಂಬಾ ಹೊತ್ತು ಹಿಡಿದು ನಿಲ್ಲಬೇಕಾಗುತ್ತದೆ.

ನಿನ್ನ ಮಗಳು,
ರಿತ್ವಾ