ಎರಡನೆಯ ಉತ್ತರ

ಒಂದು ಕಾಲಕ್ಕೆ ನನ್ನ ಹೆಂಡತಿಯಾಗಿದ್ದವಳೇ,

ನಿನ್ನ ಕನ್ನಡಕ ಸಿದ್ಧವಾಗಿದೆ. ನಾಳೆ ಅಂಚೆಗೆ ಹಾಕುತ್ತೇನೆ. ಡಬ್ಬಿಯೊಳಗೆ ಒರೆಸುವ ಬಟ್ಟೆಯ ಕೆಳಗೆ ಈ ಕಾಗದ ಇಡುತ್ತೇನೋ ಇಲ್ಲವೋ, ಗೊತ್ತಿಲ್ಲ.

ಮೂವತ್ತು ವರ್ಷ ಇದೇ ಮಬ್ಬುಗತ್ತಲೆಯ ಕೋಣೆಯಲ್ಲಿ ಜನರನ್ನು ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕಿ ಕೇಳುತ್ತ ಬಂದಿದ್ದೇನೆ: ಇದು ಸ್ಪಷ್ಟವೋ, ಅದೋ? ಆಮೇಲೆ ಅವೇ ಗಾಜುಗಳನ್ನು ಹಿಂದುಮುಂದು ಮಾಡಿ ಮತ್ತೆ ಕೇಳುತ್ತೇನೆ. ಕೆಲವರ ಉತ್ತರ ಬದಲಾಗುತ್ತದೆ. ಆಗ ಮೊದಲ ಉತ್ತರವನ್ನೇ ಬರೆದುಕೊಳ್ಳುವುದು ನನ್ನ ಪದ್ಧತಿಯಾಗಿತ್ತು. ಎರಡನೆಯದು ನನ್ನನ್ನು ಮೆಚ್ಚಿಸಲು ಹೇಳಿದ್ದು ಎಂದು ನಂಬಿದ್ದೆ.

ಹನ್ನೊಂದು ವರ್ಷದ ಹಿಂದೆ, ನಿಮ್ಮ ಜೊತೆ ಮಾತಾಡುವುದಕ್ಕಿಂತ ಗೋಡೆಯೇ ವಾಸಿ ಎಂದು ಹೇಳಿ ನೀನು ಅಕ್ಕನ ಮನೆಗೆ ಹೊರಟುಹೋದೆ. ಒಂಬತ್ತನೆಯ ದಿನ ಅಂಗಡಿಯ ಬಾಗಿಲಲ್ಲಿ ಬಂದು ನಿಂತೆ, ಕೈಯಲ್ಲಿ ಅದೇ ಚೀಲ. "ಮನಸ್ಸು ಬದಲಾಯ್ತು. ಇಲ್ಲೇ ಇರ್ತೀನಿ."

ನಾನು ಯಾರದೋ ಗಾಜು ಒರೆಸುತ್ತಲೇ, ನೀನು ಮೊದಲು ಹೇಳಿದ್ದೇ ನಿಜ, ಇದು ಮುಲಾಜಿನ ಮಾತು ಎಂದುಬಿಟ್ಟೆ. ನೀನು ನಕ್ಕೆ. "ನಾನೇನು ನಿಮ್ಮ ಗಿರಾಕಿನಾ, ಡಾಕ್ಟ್ರೇ?" ನಾನು ಡಾಕ್ಟರಲ್ಲವೆಂದು ಚುಚ್ಚುವುದಕ್ಕೇ ನೀನು ಹಾಗೆ ಕರೆಯುತ್ತಿದ್ದದ್ದು. ನಾನು ತಲೆಯೆತ್ತಲಿಲ್ಲ. ಎತ್ತಿದಾಗ ಬಾಗಿಲಲ್ಲಿ ಬಿಸಿಲಷ್ಟೇ ಇತ್ತು.

ಹೋದ ವರ್ಷ, ಕೆಲಸ ಕಲಿಸಿದ ಮೇಷ್ಟ್ರನ್ನು ನೋಡಲು ಹೋಗಿದ್ದೆ. ಈಗ ಅವರ ಎರಡೂ ಕಣ್ಣಿಗೆ ಪೊರೆ. ನನ್ನ ಪದ್ಧತಿಯನ್ನು ಹೆಮ್ಮೆಯಿಂದಲೇ ಹೇಳಿಕೊಂಡೆ. "ಯಾವ ಪುಣ್ಯಾತ್ಮ ಕಲಿಸಿದ್ನೋ ಇದನ್ನ? ಉತ್ತರ ಬದಲಾದ್ರೆ ಇನ್ನೊಂದು ಸಲ ಕೇಳು ಅಂತಲ್ವೇನೋ ನಾನು ಹೇಳಿಕೊಟ್ಟಿದ್ದು" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ, ಎಷ್ಟು ಜನರ ಮೂಗಿನ ಮೇಲೆ ತಪ್ಪು ಗಾಜು ಕೂತಿದೆಯೋ ಎಂದು ಯೋಚಿಸಲು ನೋಡಿದೆ. ನಿನ್ನ ಹೊರತು ಯಾರೂ ನೆನಪಾಗಲಿಲ್ಲ.

ಮೊನ್ನೆ ನೀನು ಕೆಲಸದ ಮೇಲೆ ಈ ಊರಿಗೆ ಬಂದವಳು ಕನ್ನಡಕ ಒಡೆದುಕೊಂಡು, ಬೇರೆ ಅಂಗಡಿ ಮುಚ್ಚಿತ್ತು ಎನ್ನುತ್ತ ಆ ಕುರ್ಚಿಯಲ್ಲಿ ಬಂದು ಕೂತೆ. ನಾನು ಚೌಕಟ್ಟು ಏರಿಸಿದೆ. ಗಾಜು ಹಿಂದುಮುಂದು ಮಾಡಿ ಕೇಳಿದೆ. ಎರಡೂ ಸಲ ನಿನ್ನ ಉತ್ತರ ಒಂದೇ. ಮಧ್ಯೆ ಫೋನು ಬಂತು. "ಹತ್ತೇ ನಿಮಿಷ ಕಣ್ರೀ, ಬಂದೆ" ಎಂದು ನೀನು ಯಾರಿಗೋ ಹೇಳಿದೆ, ಒಂದು ಕಾಲದಲ್ಲಿ ನನಗೆ ಹೇಳುತ್ತಿದ್ದ ದನಿಯಲ್ಲಿ. ಅಷ್ಟಾದ ಮೇಲೂ ನಾನು ಕೇಳಿದೆ: ತಪ್ಪು ನನ್ನದು, ಆವತ್ತು ಬಾಗಿಲಲ್ಲಿ ನಿಂತು ಹೇಳಿದ ಮಾತು ಇನ್ನೂ ಇದೆಯಾ?

ಚೌಕಟ್ಟಿನೊಳಗೆ ನಿನ್ನ ಕಣ್ಣುಗಳು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದವು. ಅವುಗಳಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಮೊದಲನೇದನ್ನೇ ಬರ್ಕೊಂಡ್ರಲ್ಲ, ಡಾಕ್ಟ್ರೇ. ಅದೇ ಇರಲಿ."

ಮೇಷ್ಟ್ರು ಹೇಳಿಕೊಟ್ಟಂತೆ ಇನ್ನೊಂದು ಸಲ ಕೇಳಿದ್ದಾಯಿತು.

ಹೊಸ ಗಾಜಿನ ಕೆಳಭಾಗ ಓದುವುದಕ್ಕೆ, ಮೇಲ್ಭಾಗ ದೂರಕ್ಕೆ. ನಾಲ್ಕು ದಿನ ನೆಲ ಮೇಲೆದ್ದು ಬಂದಂತೆ ಅನ್ನಿಸುತ್ತದೆ. ಅಲ್ಲಿಯವರೆಗೆ ಮೆಟ್ಟಿಲಿಳಿಯುವಾಗ, ಫೋನಿನಲ್ಲಿ ಹತ್ತೇ ನಿಮಿಷ ಎಂದೆಯಲ್ಲ, ಅವರ ಕೈ ಹಿಡಿದುಕೋ. ನಿನಗೆ ಎಲ್ಲವೂ ಚೆನ್ನಾಗಿ ಕಾಣಲಿ.

ಡಾಕ್ಟರಲ್ಲದವನು