ದೋಣಿಯ ತಳದ ಹೆಬ್ಬೆರಳು

ಪೀಣ್ಯ, ಭಾನುವಾರ, 2009

ಬಸಲಿಂಗ,

ನಾವಿಬ್ಬರೂ ರೂಮಿನಲ್ಲಿ ಕೂತು ಮಾಡಿದ್ದ ಪುಟ್ಟ ಮರದ ದೋಣಿಗೆ ಬಣ್ಣದ ಕೊನೆಯ ಕೋಟ್ ಹೊಡೆಯಲು ಇವತ್ತು ಕೂತೆ. ತಳದಲ್ಲಿ ಆ ಹೆಬ್ಬೆರಳಿನ ಗುರುತು ಹಾಗೇ ಇದೆ. ಹಸಿ ಬಣ್ಣ ಮುಟ್ಟಿ ಕೆಡಿಸಿದವನು ನೀನೇ ಎಂದು ಫ್ಯಾಕ್ಟರಿಯಲ್ಲಿ ಎಲ್ಲರೆದುರು ಕೂಗಾಡಿದ್ದೆನಲ್ಲ.

"ನಂದಲ್ಲಲೇ, ಸರಿಯಾಗಿ ನೋಡು" ಎಂದಿದ್ದೆ ನೀನು. ನಾನು ನೋಡಲಿಲ್ಲ. ಮರುದಿನ ನೀನು ರೂಮು ಬಿಟ್ಟೆ.

ಇವತ್ತು ಮರಳು ಕಾಗದದಿಂದ ಉಜ್ಜುವುದಕ್ಕೆ ಮುಂಚೆ ಬೆಳಕಿಗೆ ಹಿಡಿದೆ. ಗುರುತಿನ ನಡುವೆ ಓರೆಯಾಗಿ ಒಂದು ಗೆರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಗಡು ಕೊಯ್ದಿದ್ದ ನನ್ನ ಹೆಬ್ಬೆರಳಿನ ಗಾಯದ ಕಲೆಯದು. ಅಂದು ಅದಕ್ಕೆ ಬಟ್ಟೆ ಕಟ್ಟಿದವನು ನೀನೇ.

ತೆರೆದಿಟ್ಟ ಡಬ್ಬಿಯಲ್ಲಿ ಬಣ್ಣ ಕೆನೆಗಟ್ಟುತ್ತಿದೆ. ಉಜ್ಜದಿದ್ದರೆ ಹೊಸ ಕೋಟ್ ಕೂರುವುದಿಲ್ಲ. ಉಜ್ಜಿಬಿಟ್ಟರೆ, ನೀನು ಬಂದಾಗ ಏನು ತೋರಿಸಲಿ?